ಅರಸರು ತೀರಿಕೊಂಡ ದಿನ ನಮ್ಮ ಹಟ್ಟಿಗಳಲ್ಲಿ

(ಮೂಡುಬಿದಿರೆ ಪರಿಸರದ ಹಾಲು ಉತ್ಪಾದಕರ ಸಹಕಾರ ಸಂಘಗಳ ಸದಸ್ಯರ ತಿಳಿವಳಿಕೆ ಸಭೆಯಲ್ಲಿ ಜೂನ್ 6ರಂದು ಪಶುವೈದ್ಯ ವಿಸ್ತರಣಾಧಿಕಾರಿಯೊಬ್ಬರು ಮಾಡಿದ ಭಾಷಣ)



ಮಳೆಗಾಲದಲ್ಲಿ ಜಾನುವಾರುಗಳ ಆರೈಕೆ ಎಂಬ ವಿಷಯ ನನಗೆ ಕೊಟ್ಟಿದ್ದಾರೆ. ಕಾಲುಬಾಯಿ ಜ್ವರದ ಲಸಿಕೆ, ಜಂತುಹುಳದ ಔಷಧ, ಹಟ್ಟಿಗೆ ಸುಣ್ಣ ಹಾಕುವ ಕ್ರಮ, ಇವೆಲ್ಲ ನಿಮ್ಮ ಕೈಯಲ್ಲಿರುವ ಕರಪತ್ರದಲ್ಲಿವೆ. ಸಂದೇಹಗಳಿದ್ದರೆ ಸಭೆಯ ಕೊನೆಗೆ ಉತ್ತರಿಸುತ್ತೇನೆ. ಆದರೆ ಇಂದಿನ ದಿನಾಂಕವನ್ನು ನೋಡಿದಾಗ ಬೇರೊಂದು ಮಾತನ್ನು ಮೊದಲು ಹೇಳಬೇಕೆನಿಸಿತು.

1982ರ ಜೂನ್ 6ರಂದು, ಒಂದು ಆದಿತ್ಯವಾರ, ಮಾಜಿ ಮುಖ್ಯಮಂತ್ರಿ ಡಿ. ದೇವರಾಜ ಅರಸರು ಬೆಂಗಳೂರಿನಲ್ಲಿ ತೀರಿಕೊಂಡರು. ಹುಣಸೂರು ತಾಲೂಕಿನ ಕಲ್ಲಹಳ್ಳಿಯಲ್ಲಿ 1915ರಲ್ಲಿ ಹುಟ್ಟಿದವರು. 1972ರಿಂದ 1980ರ ಜನವರಿಯವರೆಗೆ, ನಡುವೆ ಸ್ವಲ್ಪ ಸಮಯ ಬಿಟ್ಟರೆ, ಈ ರಾಜ್ಯವನ್ನು ನಡೆಸಿದವರು. ಅವರ ಸಾವಿನ ಸುದ್ದಿಯನ್ನು ನಮ್ಮ ಊರುಗಳು ಹೇಗೆ ಕೇಳಿಸಿಕೊಂಡವು ಎಂಬುದನ್ನು ನಾನು ಹಟ್ಟಿಯಿಂದ ಹಟ್ಟಿಗೆ ಹೋಗುವಾಗ ಹಿರಿಯರಿಂದ ಸ್ವಲ್ಪ ಸ್ವಲ್ಪವಾಗಿ ತಿಳಿದುಕೊಂಡಿದ್ದೇನೆ. ಹಸುವಿಗೆ ಡ್ರಿಪ್ ಏರಿಸಿ ಕಾಯುವಾಗ ಹಳೆಯ ಮಾತು ಬಾರದೆ ಇರುವುದಿಲ್ಲ.

ಕಿರಿಯ ಸದಸ್ಯರಿಗಾಗಿ ಸ್ವಲ್ಪ ಹಿನ್ನೆಲೆ ಹೇಳುತ್ತೇನೆ. ನಮ್ಮ ಜಿಲ್ಲೆಯಲ್ಲಿ ಮೂಲಗೇಣಿ, ಚಾಲಗೇಣಿ ಎಂದು ಎರಡು ಕ್ರಮಗಳಿದ್ದವು. ಮೂಲಗೇಣಿಯವನಿಗೆ ಭದ್ರತೆ ಇತ್ತು. ಚಾಲಗೇಣಿಯವನನ್ನು ಧಣಿಗಳು ಏಳು ಎಂದರೆ ಏಳಬೇಕಿತ್ತು. ಮುಡಿ ಅಕ್ಕಿಯ ಲೆಕ್ಕದಲ್ಲಿ ಗೇಣಿ ಸಲ್ಲಬೇಕು, ಮಳೆ ಕೈಕೊಟ್ಟರೂ ಸಲ್ಲಬೇಕು. ಭೂಸುಧಾರಣಾ ಕಾಯಿದೆ 1961ರಲ್ಲಿಯೇ ಇತ್ತಾದರೂ ಅದರಲ್ಲಿ ನುಸುಳಲು ದಾರಿಗಳು ಬೇಕಷ್ಟಿದ್ದವು. ಅರಸರ ಸರಕಾರ ಅದಕ್ಕೆ ತಂದ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂತು. ಗೇಣಿಗೆ ಕೊಟ್ಟ ಭೂಮಿಯೆಲ್ಲ ಸರಕಾರಕ್ಕೆ ಸೇರಿ, ಉಳುವವನು ಅರ್ಜಿ ಹಾಕಿದರೆ ಅವನ ಹೆಸರಿಗೆ ಆಗುವ ವ್ಯವಸ್ಥೆ. ಅದೇ ನಮ್ಮವರು ಇಂದಿಗೂ ಹೇಳುವ 'ಡಿಕ್ಲರೇಶನ್'. ತೀರ್ಪು ಕೊಡಲು ಸಹಾಯಕ ಕಮಿಶನರರ ಅಧ್ಯಕ್ಷತೆಯಲ್ಲಿ ಭೂ ನ್ಯಾಯಮಂಡಳಿಗಳು ಬಂದವು. ಒಬ್ಬ ಸದಸ್ಯರಾದರೂ ಪರಿಶಿಷ್ಟ ಜಾತಿ ಅಥವಾ ಪಂಗಡದವರಿರಬೇಕು, ವಕೀಲರಿಗೆ ಪ್ರವೇಶವಿಲ್ಲ ಎಂಬ ನಿಯಮವಿತ್ತು. ಮೂಡುಬಿದಿರೆ ಆಗ ಕಾರ್ಕಳ ತಾಲೂಕು. ಬುತ್ತಿ ಕಟ್ಟಿಕೊಂಡು ಕಾರ್ಕಳಕ್ಕೆ ನಡೆದು ಹೋದ ಒಕ್ಕಲುಗಳ ಕಥೆಯನ್ನು ನಿಮ್ಮಲ್ಲಿ ಕೆಲವರು ನನಗೇ ಹೇಳಿದ್ದೀರಿ. ಸುರತ್ಕಲ್‌ನ ಬಿ. ಸುಬ್ಬಯ್ಯ ಶೆಟ್ಟರು, ನಮ್ಮ ಮಾರ್ಪಾಡಿಯಲ್ಲೇ ಹುಟ್ಟಿದ ವೀರಪ್ಪ ಮೊಯಿಲಿಯವರು ಅರಸರ ಸರಕಾರದಲ್ಲಿ ಮಂತ್ರಿಗಳಾಗಿದ್ದರು ಎಂಬುದನ್ನೂ ನೆನಪಿಸಿಕೊಳ್ಳಬಹುದು.

ಇದಕ್ಕೂ ಹಾಲಿಗೂ ಏನು ಸಂಬಂಧ ಎಂದು ಕೇಳಬಹುದು. ಸಂಬಂಧ ಇದೆ. ನಾಳೆ ಬಿಡಬೇಕಾದ ಗದ್ದೆಯ ಬದಿಯಲ್ಲಿ ಯಾರೂ ಬಾವಿ ತೋಡುವುದಿಲ್ಲ, ತೆಂಗು ನೆಡುವುದಿಲ್ಲ, ಹುಲ್ಲಿನ ಬುಡ ಊರುವುದಿಲ್ಲ. ಪಹಣಿಯಲ್ಲಿ ಹೆಸರಿಲ್ಲದವನಿಗೆ ಬ್ಯಾಂಕಿನಲ್ಲಿ ಸಾಲ ಹುಟ್ಟುವುದಿಲ್ಲ. ಕಾಯಿದೆಯಲ್ಲಿ ಒಂದು ಜಾಣತನದ ಕಲಂ ಇತ್ತು. ಸಿಕ್ಕಿದ ಭೂಮಿಯನ್ನು ಹದಿನೈದು ವರ್ಷ ಮಾರುವಂತಿಲ್ಲ, ಆದರೆ ಭೂಮಿಯ ಅಭಿವೃದ್ಧಿಗಾಗಿ ಬ್ಯಾಂಕಿಗೋ ಸಹಕಾರ ಸಂಘಕ್ಕೋ ಅಡಮಾನ ಇಡಬಹುದು. ಭೂಮಿ ಕೈತಪ್ಪಲಿಲ್ಲ, ಸಾಲದ ಬಾಗಿಲೂ ತೆರೆಯಿತು. ಬೈಲಿನ ಬದಿಯಲ್ಲಿ ಬಾವಿ, ಪಂಪು ಬಂದವು. ಮಜಲು ಗದ್ದೆ ಅಡಿಕೆ ತೋಟವಾಯಿತು. ಗಿಡ್ಡ ದನ ಮಾತ್ರ ಇದ್ದ ಹಟ್ಟಿಗೆ ಜೆರ್ಸಿ ಮಿಶ್ರತಳಿಯ ಕಡಸು ಬಂತು. ರಾಜ್ಯದ ದಕ್ಷಿಣ ಜಿಲ್ಲೆಗಳಲ್ಲಿ ವಿಶ್ವಬ್ಯಾಂಕ್ ನೆರವಿನ ಹೈನು ಅಭಿವೃದ್ಧಿ ಯೋಜನೆ ಆರಂಭವಾದದ್ದೂ ಅರಸರ ಕಾಲದಲ್ಲಿಯೇ, 1974-75ರ ಸುಮಾರಿಗೆ. ಭೂಮಿಯ ಭದ್ರತೆ ಇಲ್ಲದಿದ್ದರೆ ನಮ್ಮ ಡೈರಿಯ ಎಷ್ಟು ಸದಸ್ಯರು ಕ್ಯಾನಿಗೆ ಹಾಲು ಹಾಕುವ ಸ್ಥಿತಿಗೆ ಬರುತ್ತಿದ್ದರು ಎಂದು ನೀವೇ ಯೋಚಿಸಿರಿ.

ಹೀಗಿದ್ದರೆ ಅರಸರು ಸತ್ತ ದಿನ ಊರಿಗೆ ಊರೇ ಅತ್ತಿರಬೇಕಲ್ಲವೇ? ಹಾಗಾಗಲಿಲ್ಲ. ಸಂಜೆ ರೇಡಿಯೋದಲ್ಲಿ ಸುದ್ದಿ ಕೇಳಿ ಊಟ ಬಿಟ್ಟ ಮನೆಗಳಿವೆ. ದೇವರ ಪಟದ ಪಕ್ಕದಲ್ಲಿ ಅವರ ಪತ್ರಿಕೆಯ ಚಿತ್ರವನ್ನು ಅಂಟಿಸಿದ ಗೋಡೆಯನ್ನು ನಾನೇ ಒಂದು ಮನೆಯಲ್ಲಿ ಕಂಡಿದ್ದೇನೆ. ಅದೇ ಊರಿನಲ್ಲಿ ರೇಡಿಯೋದ ಕಿವಿ ತಿರುಗಿಸಿ ಬಂದ್ ಮಾಡಿದ ಮನೆಗಳೂ ಇವೆ. 'ನಮ್ಮ ಹೊಟ್ಟೆಗೆ ಹೊಡೆದವ' ಎಂದು ಬಾಯಿಬಿಟ್ಟು ಹೇಳಿದವರೂ ಇದ್ದರು.

ಅಂಥ ಒಂದು ಮನೆ ನನ್ನ ಅಜ್ಜಿಯದು. ಇದನ್ನು ಸಭೆಯಲ್ಲಿ ಹೇಳಲು ನನಗೆ ಸಂಕೋಚವಿಲ್ಲ. ಅಜ್ಜಿ ವಿಧವೆ. ದೊಡ್ಡ ಧಣಿಗಳಲ್ಲ. ಎರಡು ಎಕರೆ ಗದ್ದೆಯನ್ನು ಚಾಲಗೇಣಿಗೆ ಬಿಟ್ಟು, ಆ ಅಕ್ಕಿಯಲ್ಲಿ ಮಕ್ಕಳನ್ನು ಸಾಕಿದವರು. ಹೊಸ ತಿದ್ದುಪಡಿಯಲ್ಲಿ ಸೈನಿಕರು, ನಾವಿಕರನ್ನು ಬಿಟ್ಟರೆ ಬೇರೆ ಯಾರಿಗೂ ಗೇಣಿಗೆ ಕೊಡುವ ಅವಕಾಶವಿರಲಿಲ್ಲ, ವಿಧವೆಯರಿಗೂ ಇಲ್ಲ. ಗದ್ದೆ ಹೋಯಿತು. ಪರಿಹಾರ ಬಂದದ್ದು ಅಲ್ಪ, ಅದೂ ತಡವಾಗಿ. ಗದ್ದೆಯೊಂದಿಗೆ ಬೈಹುಲ್ಲೂ ಹೋಯಿತು. ಬೈಹುಲ್ಲು ಇಲ್ಲದೆ ಹಟ್ಟಿ ನಡೆಯುವುದಿಲ್ಲವೆಂದು ನಿಮಗೆ ನಾನು ಹೇಳಬೇಕಾಗಿಲ್ಲ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಇದ್ದ ಮೂರು ದನಗಳನ್ನೂ ಮಾರಿದರು.

ಅರಸರು ತೀರಿಕೊಂಡಾಗ ನಾನು ತೊಟ್ಟಿಲ ಮಗು. ಮುಂದಿನದು ನನ್ನ ತಾಯಿ ಹೇಳಿದ್ದು. ಮರುದಿನ ಬೆಳಿಗ್ಗೆ ಮಳೆ ಸುರಿಯುತ್ತಿತ್ತು. ಡಿಕ್ಲರೇಶನಿನಲ್ಲಿ ಗದ್ದೆ ಪಡೆದ ಅದೇ ಒಕ್ಕಲು ಗೊರಬೆ ಸೂಡಿಕೊಂಡು ಅಂಗಳಕ್ಕೆ ಬಂದರಂತೆ. ಮಂಡಳಿಯ ತೀರ್ಪಾದ ಮೇಲೆ ಎರಡು ಮನೆಗಳಿಗೂ ಮಾತಿರಲಿಲ್ಲ. 'ಅರಸು ಹೋದರಂತೆ' ಎಂದರು. 'ಕೇಳಿದೆ' ಎಂದರು ಅಜ್ಜಿ. ಸ್ವಲ್ಪ ಹೊತ್ತು ಇಬ್ಬರೂ ಸುಮ್ಮನಿದ್ದರು. ಆಮೇಲೆ ಅಜ್ಜಿ ಒಳಗಿನಿಂದ ಬೆಲ್ಲ ನೀರು ತಂದುಕೊಟ್ಟರು. ಅವರು ಕುಡಿದು ಎದ್ದು ಹೋದರು. ಮರುವಾರದಿಂದ ಆ ಮನೆಯ ಹುಡುಗಿ ದಿನಾ ಒಂದು ಕುಡ್ತೆ ಹಾಲು ತಂದಿಡತೊಡಗಿದಳಂತೆ. ತೊಟ್ಟಿಲಲ್ಲಿದ್ದ ನಾನು ಕುಡಿದದ್ದು ಆ ಹಾಲು. ಅಜ್ಜಿ ಅರಸರನ್ನು ಕೊನೆಯವರೆಗೂ ಕ್ಷಮಿಸಲಿಲ್ಲ, ಆ ಒಕ್ಕಲನ್ನೂ ಮತ್ತೆ ಬೈಯಲಿಲ್ಲ.

2022ರ ಆಗಸ್ಟ್ 30ರಂದು ಸೋವಿಯತ್ ಒಕ್ಕೂಟದ ಕೊನೆಯ ನಾಯಕ ಗೊರ್ಬಚೇವ್ ತೀರಿಕೊಂಡ ಸುದ್ದಿಯನ್ನು ಪತ್ರಿಕೆಯಲ್ಲಿ ಓದುವಾಗ ನನಗೆ ಅಜ್ಜಿಯ ಅಂಗಳ ನೆನಪಾಯಿತು. ಹೊರಗಿನ ದೇಶಗಳು ಅವರನ್ನು ಕೊಂಡಾಡಿದವು. ಅವರ ಸ್ವಂತ ನಾಡಿನಲ್ಲಿ ಮಾಸ್ಕೋದಲ್ಲಿ ಸಾವಿರಾರು ಜನ ಸಾಲುಗಟ್ಟಿ ಹೂ ಇಟ್ಟರು. ಉಳಿದ ಎಷ್ಟೋ ಜನ, ಪಿಂಚಣಿ ಹೋಯಿತು, ಕೆಲಸ ಹೋಯಿತು, ದೇಶ ಒಡೆಯಿತು ಎಂದು ದೂರಿದರು. ಅಧ್ಯಕ್ಷ ಪುಟಿನ್ ಅಂತ್ಯಕ್ರಿಯೆಗೆ ಹೋಗಲಿಲ್ಲ. 1996ರ ಚುನಾವಣೆಗೆ ನಿಂತಾಗ ಗೊರ್ಬಚೇವರಿಗೆ ನೂರಕ್ಕೆ ಒಂದು ಮತವೂ ಬಂದಿರಲಿಲ್ಲ. ನಮ್ಮ ಅರಸರದೂ ಅದೇ ಕಥೆ. 1978ರಲ್ಲಿ ಭಾರೀ ಬಹುಮತ ತಂದುಕೊಟ್ಟವರು, 1979ರಲ್ಲಿ ಇಂದಿರಾ ಗಾಂಧಿಯವರಿಂದ ಬೇರೆಯಾದರು. 1980ರ ಲೋಕಸಭಾ ಚುನಾವಣೆಯಲ್ಲಿ ಅವರ ಪಕ್ಷಕ್ಕೆ ಕರ್ನಾಟಕದಲ್ಲಿ ಒಂದೂ ಸ್ಥಾನ ಸಿಗಲಿಲ್ಲ. ಭೂಮಿ ಪಡೆದವರಲ್ಲಿಯೂ ಬಹಳ ಮಂದಿ ಓಟು ಬೇರೆ ಕಡೆಗೆ ಹಾಕಿದರು.

ಇದರಿಂದ ಜನರು ಕೃತಘ್ನರು ಎಂದು ತೀರ್ಮಾನಿಸಬೇಕಾಗಿಲ್ಲ. ದೊಡ್ಡ ಸುಧಾರಣೆ ಎಂದರೆ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಏನೋ ಹೋಗುವುದು. ಪಡೆದವನು ಅಳುತ್ತಾನೆ, ಕಳೆದುಕೊಂಡವನು ಸುಮ್ಮನಿರುತ್ತಾನೆ, ಎರಡೂ ಸತ್ಯವೇ. ಹೀಗೆ ಹೇಳುವಾಗ ಎರಡೂ ಕಡೆ ಸಮ ಎಂದು ನಾನು ತೂಗಿ ಹೇಳುತ್ತಿಲ್ಲ. ತಲೆಮಾರುಗಳಿಂದ ಉತ್ತು ಬಿತ್ತಿದವನಿಗೆ ಗದ್ದೆ ಸಿಕ್ಕಿದ್ದು ನ್ಯಾಯ. ಗದ್ದೆ ಕಳೆದುಕೊಂಡ ಮನೆಯಲ್ಲಿ ಬೆಳೆದೇ ಈ ಮಾತು ಹೇಳುತ್ತಿದ್ದೇನೆ. ಆದರೆ ನ್ಯಾಯದ ವೆಚ್ಚ ಒಬ್ಬ ವಿಧವೆಯ ಹಟ್ಟಿಯ ಮೇಲೆ ಬಿದ್ದಾಗ ಅದನ್ನು ಮರೆಯಬಾರದು.

ಗೇಣಿಯೂ ಇಲ್ಲದೆ ಬರೇ ಕೂಲಿಗೆ ದುಡಿದವರು ಮೂರನೆಯವರು. ಅವರಿಗೆ ಮನೆ ಅಡಿಯ ಜಾಗ ಬಿಟ್ಟರೆ ಹೆಚ್ಚೇನೂ ಬರಲಿಲ್ಲ. ಆ ಮನೆಗಳವರು ಇಂದಿಗೂ ಗುಡ್ಡೆಯಿಂದ ಹುಲ್ಲು ಹೊತ್ತು ತಂದು ಒಂದು ದನ ಸಾಕಿ ಸಂಘಕ್ಕೆ ಎರಡು ಲೀಟರು ಹಾಕುತ್ತಾರೆ. ಅವರು ಹುಲ್ಲು ಕೊಯ್ಯಲು ಬಂದರೆ ಗೇಟು ಮುಚ್ಚುವವರು, ಡಿಕ್ಲರೇಶನಿನಲ್ಲಿ ಭೂಮಿ ಪಡೆದ ನಮ್ಮದೇ ಸದಸ್ಯರು ಆಗಬಾರದು.

ಕೊನೆಯದಾಗಿ ಒಂದು ವಿನಂತಿ. ನಾನು ಹೋಗುವ ಮನೆಗಳಲ್ಲಿ ಹಾಲು ಕರೆಯುವವರು, ಹುಲ್ಲು ತರುವವರು, ಡೈರಿಗೆ ನಡೆಯುವವರು ಹೆಚ್ಚಿನವರು ಹೆಂಗಸರು. ಪಹಣಿ ನೋಡಿದರೆ ಡಿಕ್ಲರೇಶನ್ ಹಾಕಿದ ಅಜ್ಜನ ಹೆಸರು ಇನ್ನೂ ಹಾಗೆಯೇ ಇದೆ. ಅಜ್ಜ ತೀರಿ ಇಪ್ಪತ್ತು ವರ್ಷ ಆಗಿರುತ್ತದೆ. ಹಟ್ಟಿ ಸಾಲಕ್ಕೆ ಬ್ಯಾಂಕಿಗೆ ಹೋದರೆ ವಾಪಸು ಕಳುಹಿಸುತ್ತಾರೆ. ಅಣ್ಣತಮ್ಮಂದಿರು, ಅಕ್ಕತಂಗಿಯರು ಒಟ್ಟು ಕುಳಿತು ವಾರಸು ಖಾತೆ ಮಾಡಿಸಿಕೊಳ್ಳಿರಿ. ಹೆಣ್ಣುಮಕ್ಕಳ ಪಾಲನ್ನೂ ಸೇರಿಸಿರಿ. ಉಳುವವನಿಗೆ ಭೂಮಿ ಎಂದು ಹೇಳಿದವರನ್ನು ನೆನೆಯುವ ದಿನ, ಹಟ್ಟಿಯಲ್ಲಿ ದುಡಿಯುವವಳ ಹೆಸರು ಕಾಗದದಲ್ಲಿ ಇದೆಯೇ ಎಂದು ಮನೆಗೆ ಹೋಗಿ ನೋಡಿರಿ. ಪಟಕ್ಕೆ ಮಾಲೆ ಹಾಕುವುದು ಆಮೇಲೆ ಆದೀತು.

 ಇನ್ನು ಲಸಿಕೆಯ ವಿಷಯಕ್ಕೆ ಬರೋಣ. ಕರಪತ್ರ ತೆಗೆದುಕೊಳ್ಳಿರಿ.