ಫಾಸ್ಟ್ ಚಾರ್ಜಿಂಗ್‌ಗೆ 50 ಸಾವಿರ ಜಾಸ್ತಿ ಕೊಡಬೇಕಾ? ತುಮಕೂರು, ಗುಬ್ಬಿ, ಕುಣಿಗಲ್ ಲೆಕ್ಕ

ಈ ಸಲ ಒಂದೇ ಪ್ರಶ್ನೆ. ಎಲೆಕ್ಟ್ರಿಕ್ ಕಾರು ತಗೊಳ್ಳೋವಾಗ ಶೋರೂಮಿನವರು, "ಸರ್, ಇನ್ನೊಂದು 50 ಸಾವಿರ ಹಾಕಿದ್ರೆ ಫಾಸ್ಟ್ ಚಾರ್ಜಿಂಗ್ ಬರತ್ತೆ" ಅಂತಾರಲ್ಲ, ಆ ದುಡ್ಡು ಕೊಡಬೇಕಾ, ಬೇಡವಾ?

ನಾನು ಕೊಡಲಿಲ್ಲ. 24 ಯೂನಿಟ್ ಬ್ಯಾಟರಿಯ ಚಿಕ್ಕ ಕಾರು ತಗೊಂಡೆ, ನಿಧಾನದ ಚಾರ್ಜರ್ ಇರೋದನ್ನೇ. ಅದಾದ ಮೇಲೆ ಒಂದು ರಾತ್ರಿ, ಅಯ್ಯೋ ತಪ್ಪು ಮಾಡಿಬಿಟ್ಟೆ ಅಂತ ಅನ್ನಿಸಿತು. ಆ ರಾತ್ರಿಯ ವಿಷಯದಿಂದಲೇ ಶುರು ಮಾಡ್ತೀನಿ.

ನಮ್ಮ ದೊಡ್ಡಮ್ಮ ಗುಬ್ಬಿಯಿಂದ ಆಚೆ ಒಂದು ಹಳ್ಳಿಯಲ್ಲಿ ಇದ್ದಾರೆ. ತುಮಕೂರಿನ ನಮ್ಮ ಮನೆಯಿಂದ ಹತ್ತಿರ ಹತ್ತಿರ 26 ಕಿಲೋಮೀಟರ್. ರಾತ್ರಿ ಹತ್ತೂವರೆಗೆ ಫೋನ್ ಬಂತು. ಬಚ್ಚಲಲ್ಲಿ ಜಾರಿ ಬಿದ್ದಿದ್ದಾರೆ, ಎದ್ದು ನಿಲ್ಲೋಕೆ ಆಗ್ತಿಲ್ಲ, ತುಮಕೂರಿಗೆ ಕರ್ಕೊಂಡು ಬರಬೇಕು. ಕೆಳಗೆ ಓಡಿ ಬಂದು ಕಾರಿನಲ್ಲಿ ನೋಡಿದರೆ ಬ್ಯಾಟರಿ 14%. ಅಂದ್ರೆ ಮೂರೂವರೆ ಯೂನಿಟ್‌ಗೂ ಕಮ್ಮಿ. ನನ್ನ ಕಾರು ಒಂದು ಯೂನಿಟ್‌ಗೆ 7 ಕಿಲೋಮೀಟರ್ ಓಡತ್ತೆ ಅಂತ ಇಟ್ಕೊಳ್ಳಿ, ಒಟ್ಟು 23 ಕಿಲೋಮೀಟರ್. ಹೋಗಿ ಬರೋಕೆ 52 ಬೇಕು. ಬರೋದಿರಲಿ, ಹೋಗೋಕೇ ಸಾಲದು.

ಪಕ್ಕದ ಮನೆಯವರ ಬಾಗಿಲು ತಟ್ಟಿ ಅವರ ಪೆಟ್ರೋಲ್ ಕಾರು ತಗೊಂಡು ಹೋದೆ. ದೊಡ್ಡಮ್ಮ ಈಗ ಚೆನ್ನಾಗಿದ್ದಾರೆ, ಕೋಲು ಹಿಡಿದು ಓಡಾಡ್ತಾರೆ. ಆದರೆ ಆ ರಾತ್ರಿ ಮಲ್ಲಸಂದ್ರ ದಾಟೋವರೆಗೂ ತಲೆಯಲ್ಲಿ ಒಂದೇ ಮಾತು. ಐವತ್ತು ಸಾವಿರ ಉಳಿಸೋಕೆ ಹೋಗಿ ಎಂಥ ಕೆಲಸ ಮಾಡಿಕೊಂಡೆ.

ಅದು ನಿಜಾನಾ? ಆಮೇಲೆ ಒಂದು ತಿಂಗಳು ಪುಸ್ತಕ ಇಟ್ಕೊಂಡು ಲೆಕ್ಕ ಬರೆದೆ. ಅದನ್ನೇ ಇವತ್ತು ನಿಮ್ಮ ಮುಂದೆ ಇಡ್ತಿದೀನಿ.

ಮೊದಲು ಒಂದು ಗೊಂದಲ ಬಿಡಿಸೋಣ. "ಫಾಸ್ಟ್ ಚಾರ್ಜಿಂಗ್" ಅನ್ನೋ ಒಂದೇ ಹೆಸರಲ್ಲಿ ಎರಡು ಬೇರೆ ಬೇರೆ ವಿಷಯ ಇವೆ.

ಒಂದು, ಮನೆಯ ಎಸಿ ಕರೆಂಟಿನಿಂದ ಮಾಡೋ ಚಾರ್ಜಿಂಗ್. ಬ್ಯಾಟರಿಗೆ ಬೇಕಾಗಿರೋದು ಡಿಸಿ. ಎಸಿಯನ್ನ ಡಿಸಿ ಮಾಡೋ ಪೆಟ್ಟಿಗೆ ಕಾರಿನ ಒಳಗೇ ಇರತ್ತೆ, ಅದಕ್ಕೆ ಆನ್‌ಬೋರ್ಡ್ ಚಾರ್ಜರ್ ಅಂತಾರೆ. ಅದು 3.3 ಕಿಲೋವ್ಯಾಟ್‌ದು ಆಗಿದ್ದರೆ ಗಂಟೆಗೆ ಹೆಚ್ಚುಕಮ್ಮಿ 3 ಯೂನಿಟ್ ಒಳಗೆ ಹೋಗತ್ತೆ, 7.2 ಆಗಿದ್ದರೆ ಅದರ ಎರಡರಷ್ಟಕ್ಕಿಂತ ಜಾಸ್ತಿ. 50 ಸಾವಿರ ಕೇಳೋದು ಈ ಪೆಟ್ಟಿಗೆಗೆ. 2022ರ ಸೆಪ್ಟೆಂಬರ್‌ನಲ್ಲಿ ಟಾಟಾ ಟಿಯಾಗೊ ಇವಿ ಬಂದಾಗ, ಅದೇ 24 ಯೂನಿಟ್ ಬ್ಯಾಟರಿ, ಅದೇ ಮಾಡೆಲ್, 3.3ರ ಬದಲು 7.2 ಬೇಕು ಅಂದ್ರೆ 50 ಸಾವಿರ ಜಾಸ್ತಿ ಇತ್ತು. ಕಂಪನಿ ಹೇಳಿದ ಪ್ರಕಾರ 10%ನಿಂದ 100%ಗೆ ಒಂದರಲ್ಲಿ 8.7 ಗಂಟೆ, ಇನ್ನೊಂದರಲ್ಲಿ 3.6 ಗಂಟೆ.

ಎರಡನೇದು, ಹೆದ್ದಾರಿ ಪಕ್ಕ ಇರೋ ದೊಡ್ಡ ಡಿಸಿ ಮೆಷಿನ್. ಅದು ಕಾರಿನೊಳಗಿನ ಪೆಟ್ಟಿಗೆಯನ್ನ ಬಿಟ್ಟು ಸೀದಾ ಬ್ಯಾಟರಿಗೇ ಕರೆಂಟು ಕೊಡತ್ತೆ. ಹಾಗಾಗಿ ನಿಮ್ಮ ಪೆಟ್ಟಿಗೆ 3.3 ಇರಲಿ, 7.2 ಇರಲಿ, ಡಿಸಿಯಲ್ಲಿ ವೇಗ ಒಂದೇ. "7.2 ತಗೊಂಡ್ರೆ ಬೆಂಗಳೂರು ದಾರಿಯಲ್ಲಿ ಬೇಗ ಚಾರ್ಜ್ ಆಗತ್ತೆ" ಅಂತ ಯಾರಾದರೂ ಹೇಳಿದರೆ, ಡಿಸಿ ಮೆಷಿನ್ ಮಟ್ಟಿಗೆ ಅದು ತಪ್ಪು. ಬರೀ ಎಸಿ ಪಾಯಿಂಟ್ ಇರೋ ಹೋಟೆಲು, ಮಾಲ್‌ನಲ್ಲಿ ಮಾತ್ರ ವ್ಯತ್ಯಾಸ ಕಾಣತ್ತೆ.

ಇನ್ನೊಂದು ನೋಡ್ಕೊಳ್ಳಿ. ಎಲ್ಲ ಕಾರಿಗೂ ಡಿಸಿ ಸೌಲಭ್ಯ ಇರಲ್ಲ. 2023ರಲ್ಲಿ ಎಂಜಿ ಕಾಮೆಟ್ ಬಂದಾಗ ಅದಕ್ಕೆ ಡಿಸಿ ಚಾರ್ಜಿಂಗ್ ಇರಲೇ ಇಲ್ಲ. ಊರೊಳಗೆ ಓಡಾಡೋಕೆ ತೊಂದರೆ ಇಲ್ಲ, ತುಮಕೂರು-ಬೆಂಗಳೂರು ಓಡಾಡೋರಿಗೆ ಇದು ಮುಖ್ಯ. ಹಾಗೇ, ಕಾರಲ್ಲಿ 3.3 ಪೆಟ್ಟಿಗೆ ಇದ್ದು, ಗೋಡೆಗೆ 7.2ರ ಚಾರ್ಜರ್ ಹಾಕಿಸಿದರೂ ಒಳಗೆ ಹೋಗೋದು 3.3 ಮಾತ್ರ. ಕೆಲವರು ಗೋಡೆಗೆ ದುಡ್ಡು ಹಾಕಿ ಆಮೇಲೆ ತಲೆ ಚಚ್ಚಿಕೊಳ್ತಾರೆ.

ಈಗ ನನ್ನ ಪುಸ್ತಕದ ಲೆಕ್ಕ.

ನಾನು ವಾರದಲ್ಲಿ ನಾಲ್ಕು ದಿನ ಗುಬ್ಬಿಗೆ ಹೋಗ್ತೀನಿ, ಹೋಗಿ ಬರೋಕೆ 40 ಕಿಲೋಮೀಟರ್, ಸುಮಾರು 6 ಯೂನಿಟ್. ಎರಡು ದಿನ ಹೆಬ್ಬೂರು ಮೇಲೆ ಕುಣಿಗಲ್‌ಗೆ, ಹೋಗಿ ಬರೋಕೆ 75ರಿಂದ 80, ಸುಮಾರು 11 ಯೂನಿಟ್. ಒಂದೇ ದಿನ ಎರಡೂ ಕಡೆ ಹೋದರೂ 17 ಯೂನಿಟ್.

ಕಾರು ಮನೆ ಮುಂದೆ ನಿಲ್ಲೋದು ರಾತ್ರಿ 8ರಿಂದ ಬೆಳಗ್ಗೆ 7ರವರೆಗೆ, 11 ಗಂಟೆ. ಗಂಟೆಗೆ 3 ಯೂನಿಟ್ ಅಂದ್ರೆ 33. ನನ್ನ ಬ್ಯಾಟರಿಯೇ ಇರೋದು 24. ಗುಬ್ಬಿಗೆ ಹೋಗಿ ಬಂದ ದಿನ ಎರಡು ಗಂಟೆಯಲ್ಲಿ ತುಂಬಿಬಿಡತ್ತೆ. ಅಲ್ಲಿಂದ ಮುಂದೆ ಅದು ನನಗಾಗಿ ಕಾಯ್ತಾ ನಿಂತಿರತ್ತೆ. 7.2 ಇದ್ದಿದ್ದರೆ ಒಂದು ಗಂಟೆಯೊಳಗೆ ತುಂಬಿ, ಇನ್ನೂ ಸ್ವಲ್ಪ ಹೆಚ್ಚು ಹೊತ್ತು ಕಾಯ್ತಾ ನಿಂತಿರೋದು. ನಾನು ಮಲಗಿರೋ ಹೊತ್ತಲ್ಲಿ ಉಳಿಸಿದ ಸಮಯಕ್ಕೆ 50 ಸಾವಿರ ಯಾಕೆ?

ಬೆಂಗಳೂರಿಗೆ ಹೋದಾಗ ಲೆಕ್ಕ ಬೇರೆ. ಹೋಗಿ ಬರೋಕೆ 140, ಅಲ್ಲಿ ಒಳಗೆ ಒಂದು 30 ಸುತ್ತಿದರೆ 170. ನನ್ನ ಬ್ಯಾಟರಿ ಅಷ್ಟಕ್ಕೆ ಖಾಲಿ. ದಾರಿಯಲ್ಲಿ ಕಾಫಿ ಕುಡಿಯೋ ಹೊತ್ತಿಗೆ ಡಿಸಿಯಲ್ಲಿ 8 ಯೂನಿಟ್ ಹಾಕಿಸ್ತೀನಿ. ಯೂನಿಟ್‌ಗೆ 20 ರೂಪಾಯಿ ಆಸುಪಾಸು, ಮೇಲೆ 18% ಜಿಎಸ್‌ಟಿ, 23 ರೂಪಾಯಿ 60 ಪೈಸೆ. ಒಟ್ಟು 190 ರೂಪಾಯಿ ಹತ್ತಿರ. ತಿಂಗಳಿಗೆ ಎರಡು ಸಲ ಅಂದ್ರೂ ವರ್ಷಕ್ಕೆ 4,600 ದಾಟಲ್ಲ. ಮನೆಯಲ್ಲಾದರೆ ಯೂನಿಟ್‌ಗೆ ತೆರಿಗೆ ಎಲ್ಲ ಸೇರಿ ಏಳು ರೂಪಾಯಿ ಒಳಗೆ ಮುಗಿಯತ್ತೆ. ಡಿಸಿ ದುಬಾರಿ, ನಿಜ. ಆದರೆ ಬೇಕಾದಾಗ ಮಾತ್ರ ಕೊಡೋ ದುಡ್ಡು ಅದು.

ಹಾಗಾದರೆ ದೊಡ್ಡಮ್ಮ ಬಿದ್ದ ರಾತ್ರಿ?

ಅವತ್ತು ನಾನು ಮನೆಗೆ ಬಂದಿದ್ದು ಆರೂವರೆಗೆ. ಮಳೆ ಬರ್ತಿತ್ತು. ಕೇಬಲ್ ಡಿಕ್ಕಿಯಲ್ಲಿತ್ತು. ಆಮೇಲೆ ಹಾಕೋಣ ಬಿಡು ಅಂತ ಒಳಗೆ ಹೋದೆ. ಹತ್ತೂವರೆವರೆಗೂ ನಾಲ್ಕು ಗಂಟೆ ಕಾರು ಸುಮ್ಮನೆ ನಿಂತಿತ್ತು. ಬಂದ ತಕ್ಷಣ ಸಿಕ್ಕಿಸಿದ್ದರೆ, ಇದೇ ನಿಧಾನದ ಚಾರ್ಜರ್‌ನಲ್ಲಿ 12 ಯೂನಿಟ್ ಒಳಗೆ ಹೋಗಿರೋದು, 80 ಕಿಲೋಮೀಟರ್ ಜಾಸ್ತಿ ಸಿಕ್ಕಿರೋದು. ಹಳ್ಳಿಗೆ ಹೋಗಿ ದೊಡ್ಡಮ್ಮನನ್ನ ಕರ್ಕೊಂಡು ಬಂದು ಇನ್ನೂ ಮಿಗ್ತಿತ್ತು. ಸರಿ, 7.2 ಇದ್ದು ಕೇಬಲ್ ಡಿಕ್ಕಿಯಲ್ಲೇ ಇದ್ದಿದ್ದರೆ? ಅದೇ 14%. ಫೋನ್ ಬಂದ ಮೇಲೆ ಅರ್ಧ ಗಂಟೆ ಚಾರ್ಜ್ ಮಾಡಿದ್ದರೂ 25 ಕಿಲೋಮೀಟರ್ ಸೇರಿ 48 ಆಗಿರೋದು, ಬೇಕಾಗಿದ್ದು 52. ಆ ಹೊತ್ತಲ್ಲಿ ಅರ್ಧ ಗಂಟೆ ಯಾರು ಕಾಯ್ತಾರೆ?

ತಪ್ಪು ಚಾರ್ಜರ್‌ದಲ್ಲ, ನಂದು. ಒಪ್ಪಿಕೊಳ್ಳೋಕೆ ಸ್ವಲ್ಪ ಕಷ್ಟ ಆಯ್ತು. ಈಗ ಮನೆಗೆ ಬಂದ ತಕ್ಷಣ ಚಪ್ಪಲಿ ಬಿಡೋ ಮುಂಚೆ ಕೇಬಲ್ ಸಿಕ್ಕಿಸ್ತೀನಿ. ಸಾಕೆಟ್ ಮೇಲೆ ಮಳೆ ನೀರು ಬೀಳದ ಹಾಗೆ ಒಂದು ಶೀಟ್ ಹಾಕಿಸಿದೀನಿ. ಮನೆಯಲ್ಲಿ ವಯಸ್ಸಾದವರು ಇರೋರು "ಎಮರ್ಜೆನ್ಸಿಗೆ ಬೇಕಾಗತ್ತೆ" ಅನ್ನೋ ಹೆದರಿಕೆಗೆ 50 ಸಾವಿರ ಕೊಡೋ ಮುಂಚೆ ಇದನ್ನ ಯೋಚನೆ ಮಾಡಿ.

ಹಾಗಂತ ಎಲ್ಲರಿಗೂ ಬೇಡ ಅಂತ ಹೇಳಲ್ಲ. ಕುಣಿಗಲ್‌ನಲ್ಲಿ ನಮ್ಮ ಭಾವ ಇದ್ದಾರೆ, ಅಕ್ಕನ ಯಜಮಾನರು. ಪಂಪ್‌ಸೆಟ್ ಬಿಡಿಭಾಗಗಳ ವ್ಯಾಪಾರ. ಮೊನ್ನೆ ಫೋನ್ ಮಾಡಿ, "ಏನಪ್ಪಾ, ನಾನೂ ಕರೆಂಟ್ ಕಾರ್ ತಗೊಳ್ಳೋಣ ಅಂತಿದೀನಿ, ನಿನ್ನ ಥರಾನೇ ಚಿಕ್ಕ ಚಾರ್ಜರ್ ಸಾಕಾ?" ಅಂದರು. "ಭಾವ, ಸಾಕು ಅಂತ ಹೇಳೋ ಮುಂಚೆ ನಿಮ್ಮ ಒಂದು ದಿನ ಹೇಗಿರತ್ತೆ ಹೇಳಿ" ಅಂದೆ.

ಬೆಳಗ್ಗೆ 6ಕ್ಕೆ ಮಾಲು ತರೋಕೆ ಬೆಂಗಳೂರಿಗೆ, ಹೋಗಿ ಬರೋಕೆ 140 ಕಿಲೋಮೀಟರ್. ಮಧ್ಯಾಹ್ನ 12ಕ್ಕೆ ಮನೆಗೆ. 3 ಗಂಟೆಗೆ ತುಮಕೂರು, ಗುಬ್ಬಿ ಅಂಗಡಿಗಳಿಗೆ ಕೊಟ್ಟು ರಾತ್ರಿ ವಾಪಸ್, ಇನ್ನೊಂದು 115, 120. ತಿಂಗಳಲ್ಲಿ 20 ದಿನ ಹೀಗೇ. ಬೆಳಗಿನ ಓಡಾಟಕ್ಕೆ 20 ಯೂನಿಟ್ ಹೋಯ್ತು, 4 ಉಳೀತು. ಮನೆಯಲ್ಲಿ ಸಿಗೋದು ಮೂರು ಗಂಟೆ. 3.3ರಲ್ಲಿ 9 ಯೂನಿಟ್ ಸೇರಿ 13 ಆಗತ್ತೆ, 90 ಕಿಲೋಮೀಟರ್. ಗುಬ್ಬಿಯಿಂದ ವಾಪಸ್ ಬರೋಕೆ ಸಾಲಲ್ಲ. 7.2ರಲ್ಲಿ ಅದೇ ಮೂರು ಗಂಟೆಗೆ ಬ್ಯಾಟರಿ ಹೆಚ್ಚುಕಮ್ಮಿ ಪೂರ್ತಿ.

3.3 ತಗೊಂಡರೆ ಭಾವ ದಿನಾ ದಾರಿಯಲ್ಲಿ 8 ಯೂನಿಟ್ ಡಿಸಿ ಹಾಕಿಸಬೇಕು. ಮನೆ ದರಕ್ಕೂ ಅದಕ್ಕೂ ಯೂನಿಟ್‌ಗೆ 17 ರೂಪಾಯಿ ವ್ಯತ್ಯಾಸ. ದಿನಕ್ಕೆ 136, ತಿಂಗಳಿಗೆ 2,700 ರೂಪಾಯಿ. ಇಲ್ಲಿ ಕಾರು ಭಾವನಿಗೆ ಕಾಯ್ತಿಲ್ಲ, ಭಾವ ಕಾರಿಗೆ ಕಾಯ್ತಿದ್ದಾರೆ. ಅವರಿಗೆ 7.2 ಬೇಕು.

ಆದರೆ 50 ಸಾವಿರಕ್ಕೇ ಮುಗಿಯಲ್ಲ. ಕರೆಂಟ್ ಬಿಲ್ ತೆಗೆದು ನಿಮ್ಮ ಮಂಜೂರಾದ ಲೋಡ್ ಎಷ್ಟು ನೋಡಿ. ಎಷ್ಟೋ ಮನೆಯಲ್ಲಿ 2 ಇಲ್ಲ 3 ಕಿಲೋವ್ಯಾಟ್. ಅದರ ಮೇಲೆ 7.2ರ ಚಾರ್ಜರ್ ಓಡಿಸಬೇಕು ಅಂದ್ರೆ ಲೋಡ್ ಏರಿಸಬೇಕು. ಕೆಇಆರ್‌ಸಿ 2025-26ಕ್ಕೆ ಕೊಟ್ಟ ಆದೇಶದ ಪ್ರಕಾರ ಮನೆ ಬಳಕೆಗೆ ಯೂನಿಟ್‌ಗೆ 5 ರೂಪಾಯಿ 80 ಪೈಸೆ, ಅದಕ್ಕೆ ಸೇರಿಸಿ 36 ಪೈಸೆ ಸರ್‌ಚಾರ್ಜ್, ತೆರಿಗೆ ಬೇರೆ. ನಿಗದಿತ ಶುಲ್ಕ ಪ್ರತಿ ಕಿಲೋವ್ಯಾಟ್‌ಗೆ ತಿಂಗಳಿಗೆ 145. ನಾಲ್ಕು ಕಿಲೋವ್ಯಾಟ್ ಏರಿಸಿದರೆ ಕಾರು ಓಡಿಸಲಿ ಬಿಡಲಿ ತಿಂಗಳಿಗೆ 580 ರೂಪಾಯಿ. ಭಾವನ 2,700ರಲ್ಲಿ ಇದನ್ನ ಕಳೆದರೆ ಉಳಿಯೋದು 2,100. 50 ಸಾವಿರ ವಾಪಸ್ ಬರೋಕೆ ಎರಡು ವರ್ಷ. ಅವರಿಗೆ ಆಗಬಹುದು. ನನ್ನಂಥವನಿಗೆ ಆ 580 ಪ್ರತಿ ತಿಂಗಳ ದಂಡ.

ಗೃಹಜ್ಯೋತಿ ಇರೋರು ಇನ್ನೊಂದು ಗಮನಿಸಿ. ತಿಂಗಳಿಗೆ ಸಾವಿರ ಕಿಲೋಮೀಟರ್ ಓಡಿಸಿದರೆ 140 ಯೂನಿಟ್ ಮೇಲೆ. ಮನೆಯದ್ದೂ ಸೇರಿ 200 ದಾಟಿದರೆ ಆ ತಿಂಗಳು ಪೂರ್ತಿ ಬಿಲ್ ಕಟ್ಟಬೇಕು. ಚಾರ್ಜರ್ ನಿಧಾನದ್ದಾಗಲಿ ವೇಗದ್ದಾಗಲಿ ಇದು ಒಂದೇ. ಕಾರಿಗೆ ಬೇರೆ ಮೀಟರ್ ತಗೊಳ್ಳೋದು ಹೇಗೆ ಅಂತ ಬೆಸ್ಕಾಂ ಕಚೇರಿಯಲ್ಲಿ ಮೊದಲೇ ಕೇಳಿಬಿಡಿ.

ತೋಟದ ಮನೆಯವರಿಗೆ ಒಂದು ಮಾತು. ಪಂಪ್‌ಸೆಟ್ ಲೈನಿಗೆ ತ್ರೀ-ಫೇಸ್ ಕೊಡೋದು ದಿನಕ್ಕೆ 7 ಗಂಟೆ. ಅದೇ ಲೈನ್ ಮೇಲೆ ಮನೆ ಇದ್ದರೆ ಮಿಕ್ಕ ಹೊತ್ತಲ್ಲಿ ಬಲ್ಬು ಉರಿದರೆ ದೊಡ್ಡದು. ಕರೆಂಟು ಇರೋ ಸ್ವಲ್ಪ ಹೊತ್ತಲ್ಲೇ ಬೇಗ ತುಂಬಬೇಕು ಅಂತ ನಿಮಗೇ 7.2 ಹೆಚ್ಚು ಬೇಕು ಅನ್ನಿಸತ್ತೆ. ಆದರೆ ಅದು ಒಂದೇ ಫೇಸಿನಲ್ಲಿ 32 ಆಂಪಿಯರ್ ಎಳೆಯತ್ತೆ. ವೋಲ್ಟೇಜ್ ಇಲ್ಲದ ಲೈನಲ್ಲಿ ಅದು ನಿಲ್ಲಲ್ಲ. ಬೇಕಾದವರ ಮನೆಯಲ್ಲಿ ಓಡಲ್ಲ, ಓಡೋ ಮನೆಯಲ್ಲಿ ಅಷ್ಟಾಗಿ ಬೇಕಾಗಲ್ಲ. ನಮ್ಮ ಕಡೆ ಇದೇ ಕಥೆ.

ಹಾಗಾಗಿ ಬುಕ್ ಮಾಡೋ ಮುಂಚೆ ಒಂದು ವಾರ ಇಷ್ಟು ಬರೆದಿಡಿ. ದಿನಕ್ಕೆ ಎಷ್ಟು ಕಿಲೋಮೀಟರ್, ಅದನ್ನ 7ರಿಂದ ಭಾಗಿಸಿ. ಗಾಡಿ ಮನೆಯಲ್ಲಿ ಎಷ್ಟು ಗಂಟೆ ನಿಲ್ಲತ್ತೆ, ಅದರಲ್ಲಿ ಕರೆಂಟು ಎಷ್ಟು ಗಂಟೆ ಇರತ್ತೆ, ಅದನ್ನ 3ರಿಂದ ಗುಣಿಸಿ. ಎರಡನೇದು ದೊಡ್ಡದಾಗಿದ್ದರೆ 50 ಸಾವಿರ ಜೇಬಲ್ಲೇ ಇರಲಿ. ಅದರಲ್ಲಿ ಸ್ವಲ್ಪ ತೆಗೆದು ಒಳ್ಳೆ ಅರ್ಥಿಂಗ್, ಕಾರಿಗೆ ಅಂತಲೇ ಬೇರೆ ವೈರು, ಎಂಸಿಬಿ ಹಾಕಿಸಿ. ಹಳೇ ಮನೆಯಲ್ಲಿ ಅರ್ಥಿಂಗ್ ಸರಿ ಇಲ್ಲ ಅಂದ್ರೆ ಎಷ್ಟೋ ಕಾರು ಚಾರ್ಜೇ ತಗೊಳ್ಳಲ್ಲ. ಮೊದಲನೇದು ದೊಡ್ಡದಾಗಿದ್ದರೆ ಭಾವನ ಥರ ಲೆಕ್ಕ ಹಾಕಿ, 7.2 ತಗೊಳ್ಳಿ. ಈ ಪೆಟ್ಟಿಗೆ ಕಾರಿನೊಳಗೆ ಇರೋದ್ರಿಂದ ಆಮೇಲೆ ಬದಲಾಯಿಸ್ತೀನಿ ಅಂದ್ರೆ ಸುಲಭ ಅಲ್ಲ. ದೊಡ್ಡ ಬ್ಯಾಟರಿ ಕಾರಿಗೂ ಇದೇ ಲೆಕ್ಕ, ಅಂಕಿ ಮಾತ್ರ ಬದಲಾಗತ್ತೆ.

ಭಾವನಿಗೆ ಇಷ್ಟೆಲ್ಲ ಹೇಳಿದ ಮೇಲೆ ಅವರು ಕೇಳಿದ್ದು ಒಂದೇ. "ಮಧ್ಯಾಹ್ನ 12ರಿಂದ 3ರವರೆಗೆ ನಮ್ಮ ಬೀದಿಯಲ್ಲಿ ಕರೆಂಟ್ ಹೋದ್ರೆ?" ಈಗ ಅಕ್ಕ ಕ್ಯಾಲೆಂಡರ್ ಮೇಲೆ ಕರೆಂಟ್ ಹೋಗೋ ಬರೋ ಹೊತ್ತು ಬರೀತಿದ್ದಾರೆ. ಇನ್ನೊಂದು ವಾರ ನೋಡಿ ಬುಕ್ ಮಾಡ್ತಾರಂತೆ.

ನೀವೂ ಇವತ್ತು ರಾತ್ರಿಯಿಂದ ಬರೆಯೋಕೆ ಶುರು ಮಾಡಿ. ಈಗಾಗಲೇ ಎಲೆಕ್ಟ್ರಿಕ್ ಕಾರು ಇರೋರು ಒಂದ್ಸಲ ಎದ್ದು ಹೋಗಿ ಕೇಬಲ್ ಎಲ್ಲಿದೆ ನೋಡಿ ಬನ್ನಿ.