ಅರಬಿ ಅಕ್ಷರದ ಹಳೆಯ ನಾಣ್ಯ ಸಿಕ್ಕಾಗ
(ಜುಮಾ ಖುತ್ಬಾದ ಸಾರಾಂಶ, ರವೀಂದ್ರನಗರ, ಶಿವಮೊಗ್ಗ)

ಸತ್ಯವಿಶ್ವಾಸಿಗಳೇ,

ಹಳೆ ಮನೆ ಕೆಡವುವಾಗ, ಪಾಯ ತೋಡುವಾಗ ಅರಬಿ ಅಕ್ಷರದ ನಾಣ್ಯ ಸಿಕ್ಕರೆ ನಮ್ಮಲ್ಲಿ ಕೆಲವರು ಕಣ್ಣಿಗೊತ್ತಿಕೊಂಡು ಮಗುವಿನ ಕೊರಳಿಗೆ ತಾವೀಝಿನಂತೆ ಕಟ್ಟುತ್ತೇವೆ. ಕೆಲವರು ಯಾರಿಗೂ ಹೇಳದೆ ಮಾರುತ್ತೇವೆ. ಎರಡಕ್ಕೂ ಮೊದಲು ಅದನ್ನು ಓದೋಣ.

ಅರಬಿ ಲಿಪಿಯಲ್ಲಿರುವುದೆಲ್ಲ ಕುರ್‌ಆನ್ ವಚನವಲ್ಲ. ನಮ್ಮ ಜಿಲ್ಲೆಯ ಬಿದನೂರನ್ನು 1763ರಲ್ಲಿ ಹೈದರಾಲಿ ವಶಪಡಿಸಿಕೊಂಡರು. ಅದೇ ಇಂದಿನ ನಗರ. ಅಲ್ಲಿ ಟಂಕಸಾಲೆಯಿತ್ತು. ಟಿಪ್ಪು ಸುಲ್ತಾನರ ತಾಮ್ರದ ನಾಣ್ಯದಲ್ಲಿ ಒಂದು ಬದಿ ಆನೆ, ಇನ್ನೊಂದು ಬದಿ ಫಾರ್ಸಿ ಬರಹ. ‘ಝರ್ಬ್ ನಗರ’ ಎಂದಿದ್ದರೆ ನಗರದಲ್ಲಿ ಅಚ್ಚಾದದ್ದು ಎಂದರ್ಥ. ಹೈದರಾಲಿಯವರ ಚಿನ್ನದ ಹೊನ್ನಿನಲ್ಲಿ ಒಂದು ಬದಿ ಶಿವ-ಪಾರ್ವತಿ, ಹಿಂಬದಿ ಅವರ ಹೆಸರಿನ ಮೊದಲಕ್ಷರ ‘ಹಾ’. ಸಂತೆಯಲ್ಲಿ ಎಲ್ಲ ಧರ್ಮದವರ ಕೈ ದಾಟಿದ ಹಣವಿದು.

ಬಿದ್ದು ಸಿಕ್ಕ ಹಣದ ಬಗ್ಗೆ ಕೇಳಿದಾಗ, ಅದರ ಚೀಲವನ್ನೂ ಕಟ್ಟಿದ ದಾರವನ್ನೂ ಗುರುತಿಟ್ಟುಕೊಂಡು ಒಂದು ವರ್ಷ ಸಾರಿ ಹೇಳುವಂತೆ ಪ್ರವಾದಿವರ್ಯರು(ಸ) ಕಲಿಸಿದರು. ಹಕ್ಕುದಾರನಿಗೆ ತಲುಪಲೆಂದೇ ಈ ಗುರುತು. ಇನ್ನೊಬ್ಬರ ನಿವೇಶನದಲ್ಲಿ ಕೂಲಿಗೆ ಅಗೆಯುವಾಗ ಸಿಕ್ಕಿದ್ದನ್ನು ಜೇಬಿಗಿಳಿಸುವುದು ಅಮಾನತ್ತಿಗೆ ಬಗೆವ ದ್ರೋಹ. ನೆಲದಲ್ಲಿ ಸಿಕ್ಕ ನಿಧಿಯನ್ನು ಜಿಲ್ಲಾಧಿಕಾರಿಗೆ ತಿಳಿಸಬೇಕೆಂದು ಕಾನೂನೂ ಹೇಳುತ್ತದೆ.

ಹಿರಿಯರು ಬಿಟ್ಟುಹೋದ ನಾಣ್ಯವಾದರೆ ವಾರಸುದಾರರೆಲ್ಲರಿಗೂ, ಮದುವೆಯಾಗಿ ಹೋದ ಹೆಣ್ಣುಮಕ್ಕಳಿಗೂ ಅದರಲ್ಲಿ ಪಾಲಿದೆ. ಚಿನ್ನ, ಬೆಳ್ಳಿಯದಾದರೆ ಝಕಾತಿನ ಲೆಕ್ಕಕ್ಕೂ ಸೇರಿಸೋಣ. ಹುಣಸೆಹಣ್ಣು ಹಾಕಿ ಉಜ್ಜಿ ಅಕ್ಷರ ಅಳಿಸದಿರೋಣ; ಬಲ್ಲವರಿಗೆ ಹಾಗೆಯೇ ತೋರಿಸೋಣ.

ಸಿಕ್ಕಿದ ಹಣದಲ್ಲೂ ಹಲಾಲನ್ನೇ ಹುಡುಕುವ ಮನಸ್ಸನ್ನು ಅಲ್ಲಾಹನು ನಮಗೆಲ್ಲ ದಯಪಾಲಿಸಲಿ. ಆಮೀನ್.