ಬೆದರುವ ಕಡಸಿಗೆ ಮುಖಹಗ್ಗ ರೂಢಿಸುವ ಬಗೆ

(ಸಿಂಗಸಂದ್ರದಲ್ಲಿ ಹಸು ಸಾಕುವವರ ಮುಂದೆ ಮಾಡಿದ ಭಾಷಣ)



ಈ ಊರಿನಲ್ಲಿ ಇನ್ನೂ ಹಸು ಕಟ್ಟಿರುವ ಮನೆಗಳಿಗೆ ಮೇವಿನ ಚಿಂತೆಯ ಜೊತೆಗೆ ರಸ್ತೆಯ ಚಿಂತೆಯೂ ಸೇರಿದೆ. 2010ರಲ್ಲಿ ಹೊಸೂರು ರಸ್ತೆಗೆ ಮೇಲ್ಸೇತುವೆ ಬಂತು. 2025ರ ಆಗಸ್ಟ್‌ನಿಂದ ಮೆಟ್ರೊ ರೈಲೂ ಓಡುತ್ತಿದೆ. ಇಂಥ ಕಡೆ ಕೈತಪ್ಪಿದ ಕಡಸಿನ ಗತಿ ಏನೆಂದು ನಿಮಗೆ ಹೇಳಬೇಕಾಗಿಲ್ಲ.

ನಾನೇ ಮಾಡಿದ ತಪ್ಪನ್ನು ಮೊದಲು ಹೇಳಿಬಿಡುತ್ತೇನೆ. ಹಿಂದೆ ನಮ್ಮ ಮನೆಯಲ್ಲಿ ಒಂದು ಹಳ್ಳಿಕಾರ್ ಕಡಸಿತ್ತು. ಹಳ್ಳಿಕಾರ್ ಎಂದರೆ ಚುರುಕು, ಅಷ್ಟೇ ಬೆದರು. ಅದರ ಮುಖಕ್ಕೆ ಹಗ್ಗ ಹಾಕಿ ಇಬ್ಬರು ಸೇರಿ ಜಗ್ಗಿದೆವು. ಅದು ಹಿಂದಕ್ಕೆ ಜಗ್ಗಿ, ಮಗುಚಿ ಬಿದ್ದು, ಕೊಂಬು ಒಡೆದುಕೊಂಡಿತು. ಆಮೇಲೆ ತಿಂಗಳುಗಟ್ಟಲೆ ಹಗ್ಗ ಕಂಡರೆ ಸಾಕು, ಗೋಡೆಗೆ ಹಾಯುತ್ತಿತ್ತು. ಮೊಂಡು ದನವೆಂದು ಬೈದೆವು. ಅದಕ್ಕಿದ್ದದ್ದು ಮೊಂಡುತನವಲ್ಲ, ಭಯ.

ದನದ ಕಣ್ಣು ತಲೆಯ ಎರಡು ಪಕ್ಕಗಳಲ್ಲಿರುವುದರಿಂದ ಅದಕ್ಕೆ ಸುತ್ತಲೂ ಕಾಣುತ್ತದೆ. ಆದರೆ ಮೂತಿಯ ತೀರ ಮುಂದೆ ಮತ್ತು ಬಾಲದ ನೇರ ಹಿಂದೆ ಕಾಣದು. ಆದ್ದರಿಂದ ಎದುರಿನಿಂದ ಕೈ ಚಾಚದೆ, ಭುಜದ ಕಡೆಯಿಂದ ಮಾತನಾಡಿಸುತ್ತ ಬರಬೇಕು. ಮೊದಲ ಕೆಲವು ದಿನ ಹಗ್ಗದ ಮಾತೇ ಬೇಡ. ಹಿಂಡಿ ತಿನ್ನಿಸುತ್ತ ಕುತ್ತಿಗೆ, ಗಂಗೆದೊಗಲು ಕೆರೆಯಿರಿ. ಅದು ಕತ್ತು ನೀಡತೊಡಗಿದ ಮೇಲೆ ಹಗ್ಗವನ್ನು ಬೆನ್ನ ಮೇಲೆ ಸವರಿ, ಮೂಸಲು ಬಿಟ್ಟು, ಅನಂತರ ಮುಖಕ್ಕೆ ತನ್ನಿ.

ಮುಖಹಗ್ಗ ಕೂರುವ ಜಾಗ ಬಹಳ ಮುಖ್ಯ. ದಕ್ಷಿಣ ಅಮೆರಿಕದ ಬೆಟ್ಟಗಳಲ್ಲಿ ಲಾಮಾ ಎಂಬ ಒಂಟೆಯ ಜಾತಿಯ ಪ್ರಾಣಿಯನ್ನು ಸಾಕುತ್ತಾರೆ. ಅದರ ಮೂಗಿನೆಲುಬು ಗಿಡ್ಡ; ಪಟ್ಟಿ ಕೆಳಗೆ ಜಾರಿ ಮೃದುವಾದ ಭಾಗವನ್ನು ಒತ್ತಿದರೆ ಉಸಿರು ಕಟ್ಟಿ ಗಾಬರಿಯಿಂದ ಎಗರಾಡುತ್ತದೆ. ನಮ್ಮ ಕರುವಿನಲ್ಲೂ ಪಟ್ಟಿ ಹೊಳ್ಳೆಯ ಹತ್ತಿರ ಬೀಳಬಾರದು, ಮೇಲೆ ಗಟ್ಟಿ ಎಲುಬಿನ ಮೇಲೆ ನಿಲ್ಲಬೇಕು. ಎಷ್ಟೋ "ಪುಂಡ" ಕಡಸುಗಳು ಹಗ್ಗ ಸರಿಪಡಿಸಿದೊಡನೆ ಅರ್ಧ ಸಾಧುವಾಗುತ್ತವೆ! ಹತ್ತಿಯ ಮೆತ್ತನೆಯ ಹಗ್ಗ ಒಳ್ಳೆಯದು. ನೈಲಾನ್ ಹಗ್ಗ ದನದ ಚರ್ಮವನ್ನೂ ನಿಮ್ಮ ಅಂಗೈಯನ್ನೂ ಸುಲಿಯುತ್ತದೆ.

ಇನ್ನು ನಡೆಸುವ ವಿಚಾರ. ಹಗ್ಗವನ್ನು ಹದವಾಗಿ ಬಿಗಿ ಹಿಡಿದು ಕಾಯಿರಿ, ಜಗ್ಗಬೇಡಿ. ಕಡಸು ಒಂದೇ ಹೆಜ್ಜೆ ಮುಂದಿಟ್ಟರೂ ಆ ಕ್ಷಣದಲ್ಲೇ ಸಡಿಲ ಬಿಡಿ. ಅದು ಕಲಿಯುವುದು ನೀವು ಎಳೆದಾಗ ಅಲ್ಲ, ಬಿಟ್ಟಾಗ. ಹೆಜ್ಜೆಯಿಟ್ಟ ಮೇಲೂ ಎಳೆಯುತ್ತಲೇ ಇದ್ದರೆ, ನಡೆದರೂ ನೋವು ತಪ್ಪದೆಂದು ಅದು ತಿಳಿಯುತ್ತದೆ. ದಿನಕ್ಕೆ ಹತ್ತು ನಿಮಿಷ ಸಾಕು. ಬೆದರಿ ಎಗರಿದರೆ ಅಂದಿನ ಪಾಠ ನಿಲ್ಲಿಸಿ. ಬೆದರಿದ ದನದ ಎದೆಬಡಿತ ಸ್ತಿಮಿತಕ್ಕೆ ಬರಲು ಇಪ್ಪತ್ತು ಮೂವತ್ತು ನಿಮಿಷವೇ ಬೇಕು.

ಮೂಗುದಾರ ಚುಚ್ಚಿದರೆ ಮುಗಿಯಿತಲ್ಲ ಎಂದು ಹಿರಿಯರು ಕೇಳಬಹುದು. ಗಾಡಿಯ ಎತ್ತಿನ ಮಾತು ಬೇರೆ. ಹಾಲಿನ ಕಡಸಿಗೆ, ಅದರಲ್ಲೂ ಎರಡು ಮೂರು ತಿಂಗಳ ಕರುವಿನಿಂದಲೇ ಮುಖಹಗ್ಗ ರೂಢಿಸಿದರೆ, ಮೂಗುದಾರದ ಅಗತ್ಯ ನನಗೆ ಕಾಣದು.

ಹಗ್ಗವನ್ನು ಕೈಗೆ ಸುತ್ತಿಕೊಳ್ಳಬೇಡಿ. ದನ ಓಡಿದರೆ ಬೆರಳು ಹೋಗುತ್ತದೆ. ಕಟ್ಟುವಾಗ ಒಂದೇ ಎಳೆತಕ್ಕೆ ಬಿಚ್ಚುವ ಗಂಟು ಹಾಕಿ. ಬೆಳೆಯುವ ಕರುವಿನ ಮುಖದಲ್ಲಿ ಹಗ್ಗ ಬಿಟ್ಟು ಮರೆತರೆ ಅದು ಚರ್ಮದೊಳಕ್ಕೆ ಇಳಿಯುತ್ತದೆ, ಆಗಾಗ ಸಡಿಲಿಸಬೇಕು. ಕಾಲುಬಾಯಿ ರೋಗದ ಲಸಿಕೆಗೆ ವರ್ಷಕ್ಕೆರಡು ಬಾರಿ ಬರುತ್ತಾರೆ. ಆ ಬೆಳಿಗ್ಗೆ ಪಾಠ ಶುರುಮಾಡಬೇಡಿ, ತಿಂಗಳ ಮೊದಲೇ ಮಾಡಿ.